ಸಹಾಯ ಬೇಕು: ಕಾರ್ನಿಯಾದ ಕಂಪ್ಯೂಟರ್ ಮಾದರಿ

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆಯವನು, ಮೆಕ್ಯಾನಿಕಲ್ ಕೊನೆಯ ವರ್ಷದ ವಿದ್ಯಾರ್ಥಿ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಳುವಾಗಿದೆ ಎಂದು ವೈದ್ಯರು ನನ್ನ ಅಕ್ಕನಿಗೆ ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಶಸ್ತ್ರಚಿಕಿತ್ಸೆ) ಬೇಡವೆಂದರು. ಜಡಿಮಳೆಯಲ್ಲಿ ತೋಟಕ್ಕಿಳಿದರೆ ಅವಳು ಹತ್ತು ಹೆಜ್ಜೆಗೊಮ್ಮೆ ಕನ್ನಡಕ ಒರೆಸುತ್ತಾಳೆ. ಅದನ್ನು ನೋಡಿಯೇ ಈ ವಿಷಯ ಆರಿಸಿಕೊಂಡೆ.

ಫೈನೈಟ್ ಎಲಿಮೆಂಟ್ ಮಾದರಿಯಲ್ಲಿ (ವಸ್ತುವನ್ನು ಸಣ್ಣ ತುಣುಕುಗಳಾಗಿ ವಿಂಗಡಿಸಿ ಲೆಕ್ಕ ಹಾಕುವ ವಿಧಾನ) 550 ಮೈಕ್ರಾನ್ ದಪ್ಪದ ಕಾರ್ನಿಯಾದಲ್ಲಿ ಲೇಸಿಕ್‌ನಂತೆ 110 ಮೈಕ್ರಾನಿನ ಪದರ ಕತ್ತರಿಸಿ, ಕಣ್ಣಿನ ಒಳಗಿನಿಂದ 15 ಮಿಲಿಮೀಟರ್ ಪಾದರಸದ ಒತ್ತಡ ಕೊಟ್ಟಿದ್ದೇನೆ. ತೊಡಕು ಇಲ್ಲಿದೆ: ಕಣ್ಣು ಪರೀಕ್ಷಿಸುವ ಯಂತ್ರ ಅಳೆದ ಕಾರ್ನಿಯಾದ ಆಕಾರವೇ ಕಣ್ಣಿನೊಳಗಿನ ಒತ್ತಡದಲ್ಲಿ ಉಬ್ಬಿದ ಆಕಾರ. ಅದಕ್ಕೆ ಮತ್ತೆ ಒತ್ತಡ ಕೊಟ್ಟರೆ ಶಸ್ತ್ರಚಿಕಿತ್ಸೆಗೆ ಮೊದಲೇ ವಕ್ರತೆ ಬದಲಾಗುತ್ತದೆ. ಒತ್ತಡವಿಲ್ಲದ ಮೂಲ ಆಕಾರವನ್ನು ಹಿಂದಕ್ಕೆ ಲೆಕ್ಕ ಹಾಕಲು ಹೊರಟರೆ, ಕೊಲಾಜೆನ್ (ಕಾರ್ನಿಯಾಕ್ಕೆ ಬಲ ಕೊಡುವ ಪ್ರೋಟೀನ್) ಎಳೆಗಳ ದಿಕ್ಕನ್ನು ಸೇರಿಸಿದ ಕೂಡಲೇ ಲೆಕ್ಕ ನಿಲ್ಲುತ್ತದೆ.

ಇದನ್ನು ಮಾಡಿದವರು ಯಾರಾದರೂ ಇದ್ದೀರಾ? ಮಡಿಕೇರಿ, ಮೈಸೂರು ಎಲ್ಲಿಗಾದರೂ ಲ್ಯಾಪ್‌ಟಾಪ್ ಹಿಡಿದು ಬರುತ್ತೇನೆ. ದಯವಿಟ್ಟು ತಿಳಿಸಿ.