ಅಜ್ಜನ ಪ್ರೆಸ್ಸಿನ ಮೊಳಿ (ಅಚ್ಚಿನ ಸೀಸದ ಅಕ್ಷರ) ಮೋಡಕಾಕ್ಕ ಹಾಕೂಕಿಂತ ಮೊದ್ಲ ಏನ್ ಮಾಡಬೇಕ್ರಿ?

ಬೆಟಗೇರಿ_ಮೊಮ್ಮಗ

ಎಲ್ಲಾರಿಗೂ ನಮಸ್ಕಾರ್ರಿ. ಗದಗ ಬೆಟಗೇರಿ ಕಡೆಯವ್ರು, ಹಳೇ ಪ್ರೆಸ್ಸಿನ್ಯಾಗ ಕೆಲಸ ಮಾಡಿದವ್ರು ಯಾರರ ಇದ್ರ ದಯವಿಟ್ಟು ಪೂರಾ ಓದ್ರಿ.

ನಮ್ಮ ಅಜ್ಜಂದು ಬೆಟಗೇರ್ಯಾಗ ಒಂದು ಸಣ್ಣ ಪ್ರೆಸ್ ಇತ್ತು. ಮುಂದ ಪಡಸಾಲ್ಯಾಗ ಪ್ರೆಸ್ಸು, ಹಿಂದ ಅಡಗಿಮನಿ, ನಡುವ ಒಂದ ಬಾಗಲಾ. ಅಜ್ಜ ಹ್ವಾದಮ್ಯಾಲೆ ಅಪ್ಪ ಆ ಖೋಲಿಗೆ ಕೀಲಿ ಹಾಕಿದ್ದು ಈ ಸಲ ತಗದಿದ್ದು. ಮನಿ ಪಾಲಾಗೇತಿ, ಮುಂದಿನ ಭಾಗ ಕೆಡವಿ ಎರಡು ಅಂಗಡಿ ಕಟ್ಟಬೇಕಂತ ಕಾಕಾನ ವಿಚಾರ, ಅದಕ್ಕ ಮೋಡಕಾದವರನ್ನ ಕರಿಸಿದ್ರು. ಅಂವ ಬಂದಾಂವನ ಒಂದು ಮುಷ್ಟಿ ಅಕ್ಷರ ಕೈಯಾಗ ಹಿಡದು ತೂಗಿ ನೋಡಿ ಇದು ಸೀಸದ ರೇಟು, ಮಷೀನು ಕಬ್ಬಿಣದ ರೇಟು ಅಂದ. ನಾ ನಾಕ ದಿನ ತಡೀರಿ ಅಂತ ಹೇಳಿ ಕಳಿಸೇನಿ.

ಒಳಗ ಏನೈತಿ ಅಂದ್ರ, ಕಾಲಿಲೆ ತುಳಿಯೂ ಮಷೀನ್ ಒಂದು, ದೊಡ್ಡ ಗಾಲಿ ಐತಿ, ತುಕ್ಕು ಹಿಡದೇತಿ ಆದ್ರ ಗಾಲಿ ಇನ್ನೂ ತಿರಗತೈತಿ. ಇಳಿಜಾರ ಇರೂ ಕಟಗಿ ಸ್ಟ್ಯಾಂಡು, ಅದರಾಗ ಸಣ್ಣ ಸಣ್ಣ ಖಾನೆ ಇರೂ ಟ್ರೇ 22. ಒಂದು ಟ್ರೇ ಎತ್ತಾಕ ಇಬ್ಬರು ಬೇಕು, ಅಷ್ಟು ವಜ್ಜಿ. ಒಂದರಾಗ ಕಣಜದ ಹುಳ ಮಣ್ಣಿನ ಗೂಡು ಕಟ್ಟ್ಯಾವು, ಗೂಡು ಒಡದ್ರ ಒಳಗ ಅಕ್ಷರ ಸಿಗತಾವು. ಕಿಟಕಿ ಹಂತ್ಯಾಕ ಒಂದು ಕಲ್ಲಿನ ಮೇಜು, ಅದರ ಮ್ಯಾಲೆ ಕಬ್ಬಿಣದ ಚೌಕಟ್ಟಿನ್ಯಾಗ ಅಕ್ಷರ ಜೋಡಿಸಿ ಬಿಗದ ಹಂಗ ಬಿಟ್ಟಾರ, ಮ್ಯಾಲೆ ಪೇಪರ್ ಮುಚ್ಚಿತ್ತು. ಎಲ್ಲಾ ಉಲ್ಟಾ, ಧೂಳು, ಏನೂ ಓದಾಕ ಬರವಲ್ದು.

ನಾ ಸಣ್ಣಾಂವ ಇದ್ದಾಗ ಅಜ್ಜ ನನ್ನ ಹೆಸರಿನ ಅಕ್ಷರ ಆರಿಸಿ ದಾರ ಸುತ್ತಿ ಮಸಿ ಹಚ್ಚಿ ನನ್ನ ಅಂಗೈ ಮ್ಯಾಲೆ ಒತ್ತಿದ್ದ, ಎರಡ ದಿನ ಕೈ ತೊಳಕೊಂಡಿರಲಿಲ್ಲ. ಹಂಗಾಗಿ ಕಿಲೋ ಲೆಕ್ಕಕ್ಕ ಕೊಡಾಕ ಮನಸ್ಸ ಒಪ್ಪವಲ್ದು. ಪ್ರೆಸ್ ಯಾವ ವರ್ಷ ಬಂದ್ ಆತು ಅಂದ್ರ ಅಪ್ಪಗ ನೆನಪಿಲ್ಲ, ಕಂಪ್ಯೂಟರ್ ಬಂದಮ್ಯಾಲೆ ಅಂತಾರ ಅಷ್ಟ. ಆ ಚೌಕಟ್ಟಿನ್ಯಾಗ ಏನು ಬರದೈತಿ ಅಂತ ತಿಳಕೊಳ್ಳೂದು ಹೆಂಗ? ಇಷ್ಟೆಲ್ಲಾ ಇಟ್ಟು ಏನ್ ಮಾಡಬೇಕು?

ಹಳೇ_ಕಂಪೋಜಿಟರ್

ತಮ್ಮಾ, ಮೊದಲ ಒಂದು ಮಾತು. ಆ ಕಲ್ಲಿನ ಮ್ಯಾಲಿನ ಚೌಕಟ್ಟು ಎತ್ತಬ್ಯಾಡ, ಸರಸಬ್ಯಾಡ, ಪಕ್ಕದಾಗ ಇರೂ ಬೆಣಿ ಸಡಲ ಮಾಡಬ್ಯಾಡ. ಅದಕ್ಕ ಚೇಸ್ ಅಂತಾರ. ಕಟಗಿ ತುಂಡು ಒಣಗಿ ಸಣ್ಣಾಗಿರತಾವು, ನೋಡಾಕ ಬಿಗಿ ಕಾಣತೈತಿ, ಎತ್ತಿದ ಕೂಡ್ಲೇ ನಡುವಿನ ಅಕ್ಷರ ಸುರದ ಬೀಳತಾವು. ಒಮ್ಮೆ ಸುರದ್ರ ಪೈ ಆತು ಅಂತಿದ್ವಿ ನಾವು, ಆಮ್ಯಾಲೆ ಅದರಾಗ ಏನಿತ್ತು ಅಂತ ದೇವರಿಗೂ ತಿಳಿಯೂದಿಲ್ಲ.

ನಾ ಏಳನೇತ್ತಾ ಮುಗಿಸಿ ಗದಗಿನ ಒಂದು ಪ್ರೆಸ್ಸಿಗೆ ಸೇರಿದಾಂವ, 19 ವರ್ಷ ಮೊಳಿ ಜೋಡಿಸೇನಿ. ಓದೂದು ಹಿಂಗ: ಅಕ್ಷರ ಕನ್ನಡ್ಯಾಗ ಕಂಡಂಗ ಉಲ್ಟಾ ಇರತಾವು, ಅದಕ್ಕ ನೀ ಸಾಲಿನ ತಲಿ ನಿನ್ನ ಕಡೆ ಬರೂ ಹಂಗ ನಿಲ್ಲಬೇಕು, ಅಂದ್ರ ತಲಿಕೆಳಗ ಮಾಡಿ ನೋಡಬೇಕು, ಆವಾಗ ಎಡದಿಂದ ಬಲಕ್ಕ ಓದಾಕ ಬರತೈತಿ. ನಾವು ಸ್ಟಿಕ್ (ಸಾಲು ಜೋಡಿಸೂ ಸಣ್ಣ ಪಟ್ಟಿ) ಹಿಡದು ಜೋಡಿಸೂದೂ ಹಂಗ. ಎಡಗೈಯಾಗ ಸ್ಟಿಕ್ಕು, ಹೆಬ್ಬೆರಳು ಕೊನೀ ಅಕ್ಷರದ ಮ್ಯಾಲೆ, ಬಲಗೈ ಖಾನೆಗೆ ಹೋಗಿ ಬರತಿತ್ತು, ಕಣ್ಣು ಮಾತ್ರ ಕಾಪೀ ಮ್ಯಾಲೆ. ಅಕ್ಷರದ ಮೈಮ್ಯಾಲೆ ಒಂದು ಕಚ್ಚು ಇರತೈತಿ, ಅದನ್ನ ಬೆರಳಿಲೆ ಮುಟ್ಟಿದ್ರ ಸಾಕು, ಮ್ಯಾಲ ಯಾವದು ಕೆಳಗ ಯಾವದು ಅಂತ ನೋಡದ ತಿಳೀತಿತ್ತು. ಇಂಗ್ಲೀಷ್ ಕೇಸಿನ್ಯಾಗ ಖಾನೆ ಕಡಿಮಿ, ಕನ್ನಡಕ್ಕ ನೂರಾರು ಖಾನೆ, ಕಿ ಬ್ಯಾರೆ ಗಿ ಬ್ಯಾರೆ ತಿ ಬ್ಯಾರೆ, ಒತ್ತು ಬ್ಯಾರೆ. ಯಾವ ಅಕ್ಷರ ಎಲ್ಲಿ ಅಂತ ಕೈಗೆ ರೂಢಿ ಆಗಾಕ ನನಗ ಒಂದು ವರ್ಷ ಹಿಡೀತು, ಅಲ್ಲೀತನಕ ಬರೇ ಬಿಚ್ಚೂ ಕೆಲಸ. ಪ್ರಿಂಟ್ ಮುಗದ ಪೇಜು ಬಿಚ್ಚಿ ಒಂದೊಂದ ಅಕ್ಷರ ಅದರದರ ಮನಿಗೆ ಹಾಕೂದು. ತಪ್ಪಿ ದ ಹೋಗಿ ಧ ಖಾನೆಗೆ ಬಿದ್ರ ಮರುದಿನ ಪ್ರೂಫಿನ್ಯಾಗ, ಅಂದ್ರ ತಪ್ಪು ನೋಡಾಕ ಮೊದಲ ತಗಿಯೂ ಪ್ರತಿಯಾಗ, ಸಿಗತಿತ್ತು, ಮಾಲಕರ ಬೈಗಳಾನೂ ಸಿಗತಿತ್ತು.

ಈಗ ನೀ ಮಾಡಬೇಕಾದ್ದು. ಮೆತ್ತನ್ನ ಬ್ರಷ್ಶಿಗೆ ಒಂಚೂರು ಸೀಮೆಎಣ್ಣಿ ಹಚ್ಚಿ ಅಕ್ಷರದ ಮಾರಿ ಒರಸು, ಸುರವಬ್ಯಾಡ. ಪೂರಾ ಒಣಗಲಿ. ಪ್ರಿಂಟಿಂಗ್ ಇಂಕು ಒಂದು ಗಾಜಿನ ಮ್ಯಾಲೆ ತೆಳ್ಳಗ ತೀಡಿ ಸಣ್ಣ ರಬ್ಬರ್ ರೋಲರಿನಿಂದ ಹಚ್ಚು, ಒಮ್ಮೆ ಆಕಡೆ ಒಮ್ಮೆ ಈಕಡೆ, ಸಾಕು. ತೆಳ್ಳನ್ನ ಕಾಗದ ಸ್ವಲ್ಪ ಹಸಿ ಮಾಡಿ ಮ್ಯಾಲೆ ಹಾಸಿ ಇನ್ನೊಂದು ಬ್ರಷ್ಶಿಂದ ನೆಟ್ಟಗ ಮ್ಯಾಲಿಂದ ಬಡಿ, ತಿಕ್ಕಬ್ಯಾಡ. ಒಂದು ಮೂಲಿ ಹಿಡದು ಕಾಗದ ಎತ್ತು. ಮಷೀನ್ ಇಲ್ಲದ ನಾವು ಪ್ರೂಫ್ ತಗೀತಿದ್ದು ಹಿಂಗ.

ಮೊಳಿ ಮಾರೂದು ಬಿಡೂದು ಆಮ್ಯಾಲೆ ಮಾತಾಡೂಣು. ಮೊದಲ ಪ್ರೂಫ್ ತಗಿ.

ಕೆಮಿಸ್ಟ್ರಿ_ಟೀಚರ್_ಹುಬ್ಬಳ್ಳಿ

ಕಂಪೋಜಿಟರ್ ಅಣ್ಣಾರು ಹೇಳಿದ್ದು ಎಲ್ಲಾ ಖರೆ, ಒಂದು ಸೇರಿಸ್ತೀನಿ. ಆ ಅಕ್ಷರ ಬರೇ ಸೀಸ ಅಲ್ಲ, ಸೀಸಕ್ಕ ತವರ ಮತ್ತ ಆಂಟಿಮನಿ ಕೂಡಿಸಿರತಾರ, ಆಂಟಿಮನಿ ಇರೂದ್ರಿಂದ ಗಟ್ಟಿ ಆಗಿ ಅಚ್ಚಿನ ಮೂಲಿ ಚೂಪಾಗಿ ಬರತೈತಿ. ಆದ್ರ ಹೆಚ್ಚಿನ ಪಾಲು ಸೀಸಾನ. ಹಳೇ ಅಕ್ಷರದ ಮ್ಯಾಲೆ ಬಿಳೀ ಪುಡಿ ಕಂಡ್ರ ಅದನ್ನ ಊದಬ್ಯಾಡ್ರಿ, ಒಣಾ ಕಸಬರಿಗಿಲೆ ಹೊಡೀಬ್ಯಾಡ್ರಿ, ಹಸೀ ಅರಿವಿಲೆ ಒರಸ್ರಿ. ಮಾಸ್ಕ್ ಹಾಕೊಳ್ರಿ, ಕೈ ಸಾಬೂನು ಹಚ್ಚಿ ತೊಳಕೊಳ್ಳದ ಏನೂ ತಿನ್ನಬ್ಯಾಡ್ರಿ, ಸಣ್ಣ ಹುಡುಗರನ್ನ ಆ ಖೋಲಿಗೆ ಬಿಡಬ್ಯಾಡ್ರಿ. ನಮ್ಮ ಮಾವನೋರು ಪ್ರೆಸ್ಸಿನ್ಯಾಗ ಇದ್ರು, ದಿನಾ ಕೆಲಸ ಬಿಟ್ಟಮ್ಯಾಲೆ ಬೆಲ್ಲ ತಿಂತಿದ್ರು, ಬೆಲ್ಲ ಸೀಸಾ ತಗೀತೈತಿ ಅಂತ ಎಲ್ಲಾರೂ ನಂಬಿದ್ರು. ಬೆಲ್ಲಕ್ಕ ಆ ಶಕ್ತಿ ಇಲ್ರಿ. ಮತ್ತ ಮನ್ಯಾಗ ಕರಗಿಸೂ ವಿಚಾರ ಯಾರರ ಹೇಳಿದ್ರ ಕೇಳಾಕ ಹೋಗಬ್ಯಾಡ್ರಿ.

ಧಾರವಾಡ_ಹಳೇಕಾಗದ

ಪ್ರೂಫ್ ಬಂದಮ್ಯಾಗ ವರ್ಷ ಹಾಕಿರದಿದ್ರೂ ಕಾಲ ಹಿಡೀಬಹುದು. ನಾ 30 ವರ್ಷದಿಂದ ಹ್ಯಾಂಡ್‌ಬಿಲ್, ಲಗ್ನಪತ್ರಿಕಾ, ಪುರಾಣದ ಪತ್ರಿಕಾ ಕೂಡಿಸ್ಲಿಕತ್ತೀನಿ, ನಾ ನೋಡೋದು ಹಿಂಗ್ರಿ. ಟಿಕೀಟ ದರ ಆಣೆದಾಗ ಇದ್ರ ಅದು 1957ರ ಹಿಂದಿಂದು, ಆ ಏಪ್ರಿಲ್‌ನಾಗ ನಯೇ ಪೈಸೆ ಬಂತು, ಆದ್ರ ಮಂದಿ ಆಮ್ಯಾಗೂ ಸ್ವಲ್ಪ ದಿನ ಆಣೆ ಬರೀತಿದ್ರು ಅದಕ್ಕ ಇದೊಂದನ್ನ ನಂಬಬ್ಯಾಡ್ರಿ. ನಮ್ಮ ಕಡೆ ಕಾಗದದಾಗ ಮೈಸೂರು ರಾಜ್ಯ ಅಂತಿದ್ರ 1956ರಿಂದ 1973ರ ನಡುವಿಂದು. ಪಿನ್ ಕೋಡ್ ಇದ್ರ 1972ರ ಈಚೆಗಿಂದು. ಗದಗಕ್ಕ "ಜಿ. ಧಾರವಾಡ" ಅಂತ ಇದ್ರ 1997ರ ಹಿಂದಿಂದು, ಗದಗ, ಹಾವೇರಿ ಎರಡೂ ಬ್ಯಾರೆ ಜಿಲ್ಲಾ ಆಗಿದ್ದು ಆ ವರ್ಷ. ಎಲ್ಲಾಕಿಂತ ಘಟ್ಟಿ ಸಾಕ್ಷಿ ಸಂವತ್ಸರ. ನಮ್ಮ ಕಡೆ ಮುದ್ರಣದಾಗ ಇಸವಿ ಬಿಟ್ರೂ ಸಂವತ್ಸರ ಬಿಡೂದಿಲ್ಲ, 60 ವರ್ಷಕ್ಕೊಮ್ಮೆ ಅದ ಹೆಸರು ತಿರುಗಿ ಬರ್ತದ, 1987ರಾಗ ಪ್ರಭವ ಬಂದಿತ್ತು, ಅಲ್ಲಿಂದ ಎಣಿಸಿದ್ರ ಆತು.

ಇನ್ನೊಂದು. ಯಾವ ಕಾಗದ ಮುದ್ರಿಸಿದ್ರೂ ಮುದ್ರಕರ ಹೆಸರು, ಊರು ಹಾಕಬೇಕಂತ 1867ರಿಂದ ಕಾಯ್ದೆ ಇತ್ತು. ಅದಕ್ಕ ಹಳೇ ಹ್ಯಾಂಡ್‌ಬಿಲ್ಲಿನ ಕೆಳಗ ಸಣ್ಣ ಅಕ್ಷರದಾಗ ಒಂದು ಸಾಲು ಇರ್ತದ. ನಿಮ್ಮ ಬೀಗರ ಮನಿ, ಮಠ, ಗುಡಿ ಕಪಾಟಿನಾಗ ಹುಡುಕ್ರಿ, ನಿಮ್ಮ ಅಜ್ಜನ ಪ್ರೆಸ್ಸಿನ ಹೆಸರು ಸಿಕ್ಕೇ ಸಿಗ್ತದ.

ಈ ಕಡೆ ಮುದ್ರಣದ ಇತಿಹಾಸ ಅಂದ್ರ ಎಲ್ಲಾರೂ ಬಾಸೆಲ್ ಮಿಶನ್ ಅಂತಾರ, ಅವ್ರು ಧಾರವಾಡಕ್ಕ 1837ರಾಗ ಬೆಟಗೇರಿಗೆ 1841ರಾಗ ಬಂದ್ರು, ಆದ್ರ ಪ್ರೆಸ್ ಹಾಕಿದ್ದು ಮಂಗಳೂರಾಗ. ಆಮ್ಯಾಗ 1890ರಾಗ ವಿದ್ಯಾವರ್ಧಕ ಸಂಘ, 1933ರಾಗ ಮನೋಹರ ಗ್ರಂಥಮಾಲಾ ಅಂತ ಧಾರವಾಡದವ್ರು ಹೇಳ್ತೀವಿ. ಇವೆಲ್ಲಾ ದೊಡ್ಡ ಮಾತು, ಬರದಿಟ್ಟಾರ. ಪಡಸಾಲ್ಯಾಗ ಟ್ರೆಡಲ್ (ಕಾಲಿಲೆ ತುಳಿಯೋ ಮಷೀನ್) ಇಟ್ಟು ರಸೀದಿ ಪುಸ್ತಕ, ಜಾತ್ರಿ ಪತ್ರಿಕಾ, ನಾಟಕದ ಹ್ಯಾಂಡ್‌ಬಿಲ್ ಹೊಡದವರನ್ನ ಯಾರೂ ಬರದಿಟ್ಟಿಲ್ಲ, ಗದಗಿನ್ಯಾಗ ಇಂಥಾ ಪ್ರೆಸ್ ಓಣಿಗೊಂದು ಇದ್ವು.

ಯಾಲಕ್ಕಿ_ಹಾವೇರಿ

ನಾಟಕದ ಹ್ಯಾಂಡ್‌ಬಿಲ್ ಅಂದ್ಕೂಡ್ಲೇ ನೆನಪಾತು. ಗುಲಾಬಿ, ಹಳದಿ, ಹಸರ ತೆಳ್ಳನ್ನ ಕಾಗದ, ಎತ್ತಿನ ಬಂಡ್ಯಾಗ ಹಲಗಿ ಬಡಕೋಂತ ಬಂದು ತೂರತಿದ್ರು, ನಾವು ಹಿಂದ ಓಡತಿದ್ವಿ. ಗದಗ ಅಂದ್ರ ನಾಟಕ ಕಂಪನಿ ಊರು, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಅಲ್ಲೀದು, ಪುಣ್ಯಾಶ್ರಮದ ಗವಾಯಿಗಳ ನಾಟ್ಯ ಸಂಘಾನೂ ಅಲ್ಲೀದು. ಅಷ್ಟು ಕಂಪನಿಗೆ ಎಷ್ಟು ಹ್ಯಾಂಡ್‌ಬಿಲ್ ಬೇಕಾಗಿರಬೇಕು ಲೆಕ್ಕಾ ಹಾಕ್ರಿ.

ನನ್ನ ಅಭಿಪ್ರಾಯ, ಎಲ್ಲಾ ಇಟ್ಟಕೊಳ್ಳಾಕ ಜಾಗ ಯಾರ ಮನ್ಯಾಗೂ ಇರೂದಿಲ್ಲ, ಕಾಕಾನ ಜೋಡಿ ಜಗಳಾನೂ ಬ್ಯಾಡ. ಒಂದು ಟ್ರೇ ನೆನಪಿಗೆ ಇಟ್ಟಕೊಂಡು ಉಳದಿದ್ದು ಕೊಟ್ಟಬಿಡ್ರಿ. ಮಷೀನ್ ಮಾತ್ರ ನಮ್ಮ ಶಿಗ್ಗಾವಿ ಹಂತ್ಯಾಕ ಗೊಟಗೋಡಿ ಉತ್ಸವ್ ರಾಕ್ ಗಾರ್ಡನ್‌ದವರನ್ನ, ಅಲ್ಲೇ ಇರೂ ಜಾನಪದ ವಿಶ್ವವಿದ್ಯಾಲಯದವರನ್ನ ಕೇಳಿ ನೋಡ್ರಿ. ಧಾರವಾಡದಾಗ ಯೂನಿವರ್ಸಿಟಿ ಕನ್ನಡ ಸಂಶೋಧನಾ ಸಂಸ್ಥೆದ್ದೂ ಮ್ಯೂಸಿಯಂ ಐತಿ.

ಹಳೇ_ಕಂಪೋಜಿಟರ್

ಯಾಲಕ್ಕಿಯವರ, ಒಂದು ಟ್ರೇ ಇಟ್ಟಕೊಳ್ರಿ ಅನ್ನೂ ಮಾತು ನಾ ಒಪ್ಪೂದಿಲ್ಲ. ಕನ್ನಡ ಒಂದು ಟ್ರೇದಾಗ ಮುಗಿಯೂದಿಲ್ರಿ. ಅಕ್ಷರ ಒಂದರಾಗ ಒತ್ತು ಇನ್ನೊಂದರಾಗ ಇರತಾವು, ಒಂದ ಇಟ್ಟಕೊಂಡ್ರ ಅಮ್ಮ ಅಂತಾನೂ ಜೋಡಿಸಾಕ ಬರೂದಿಲ್ಲ. ಇಡೂದಾದ್ರ ಒಂದ ಸೈಜಿನ ಪೂರಾ ಸೆಟ್ ಇಡ್ರಿ, 12 ಪಾಯಿಂಟಿನ ಸೆಟ್ ಎಲ್ಲಾಕಿಂತ ಕಡಿಮಿ ಸವದಿರತೈತಿ ಅಂತಲ್ಲ, ಅದ ಎಲ್ಲಾಕ್ಕೂ ಬಳಸಿದ್ದು, ನಿಮ್ಮ ಅಜ್ಜನ ಬೆರಳು ಹೆಚ್ಚು ಆಡಿದ್ದು ಅದರಾಗ. ಸವದ ಅಕ್ಷರ ಮಾರಬ್ಯಾಡ್ರಿ. ಜೋಡಿ ಸ್ಟಿಕ್, ಚಿಮಟಿಗಿ, ಬಡಿಯೂ ಕೊಡತಿ ಇಟ್ಟಕೊಳ್ರಿ. ದೊಡ್ಡ ಅಕ್ಷರ ಕಟಗೀವು ಇದ್ರ ಅವು ಪೋಸ್ಟರಿನವು, ಅವನ್ನ ಒಲಿಗೆ ಹಾಕಿದವರನ್ನ ನಾ ಕಣ್ಣಾರೆ ನೋಡೇನಿ.

ಬೆಟಗೇರಿ_ಮೊಮ್ಮಗ

ಪ್ರೂಫ್ ತಗದ್ನಿರಿ! ಮೊದಲನೇದು ಮಸಿ ಜಾಸ್ತಿ ಆಗಿ ಕೆಟ್ಟಿತು, ಮೂರನೇದು ಚಂದ ಬಂತು. ಅಪ್ಪನ್ನ ಕರದು ತೋರಿಸಿದೆ, ಚಸ್ಮಾ ಹಾಕ್ಕೊಂಡು ಎರಡ ಸಲ ಓದಿ ಸುಮ್ಮನ ಕುಂತ್ರು.

ಶ್ರಾವಣ ಮಾಸದ ಪುರಾಣ ಮಂಗಲದ ಪತ್ರಿಕಾ ಅದು. ಮ್ಯಾಲೆ ದೇವರ ಹೆಸರು, ಪಲ್ಲಕ್ಕಿ ಉತ್ಸವ, ಮಹಾಪ್ರಸಾದ, ಕೆಳಗ ಭಕ್ತಿ ಸೇವಾ ಮಾಡಿದವರ ಹೆಸರು ಎರಡು ಸಾಲಿನ್ಯಾಗ. "ಯುವ ನಾಮ ಸಂವತ್ಸರ" ಅಂತ ಐತಿ, "ತಾ. ಗದಗ ಜಿ. ಧಾರವಾಡ" ಅಂತಾನೂ ಐತಿ. ಹಳೇಕಾಗದ ಸರ್ ಹೇಳಿದಂಗ ಪ್ರಭವದಿಂದ ಎಣಿಸಿದ್ರ ಯುವ ಒಂಬತ್ತನೇದು, ಅಂದ್ರ 1995. ಅಪ್ಪ ಪ್ರೆಸ್ ಅದಕ್ಕಿಂತ ಭಾಳ ಮೊದ್ಲ ನಿಂತಿತ್ತು ಅನಕೊಂಡಿದ್ರು. ಅಜ್ಜ ಆ ವರ್ಷದ ಶ್ರಾವಣದತನಕ ಕೆಲಸ ಮಾಡ್ಯಾನ.

ಒಂದು ತಿಳೀಲಿಲ್ಲ. ಹೆಸರಿನ ಸಾಲಿನ್ಯಾಗ ನಾಕು ಕಡೆ ಅಕ್ಷರ ಇರೂ ಜಾಗಾದಾಗ ಬರೇ ಕಪ್ಪು ಚೌಕ ಬಂದೈತಿ. ಅಕ್ಷರ ಮುರದಿರಬೇಕೇನ್ರಿ?

ಹಳೇ_ಕಂಪೋಜಿಟರ್

ಮುರದಿಲ್ಲ ತಮ್ಮಾ. ಹೆಸರಿನ ಮುಂದಿನ ಜಾಗ ಹೌದಲ್ಲೋ? ಅದು ಶ್ರೀ. ಪತ್ರಿಕಾ ಅಂದ್ರ ಹೆಸರಿಗೊಂದು ಶ್ರೀ ಬೇಕು, ಶ್ರಾವಣದಾಗ, ಲಗ್ನದ ಸೀಜನ್ನಿನ್ಯಾಗ ನಾಕೈದು ಪೇಜು ಒಮ್ಮೆಲೆ ಜೋಡಿಸಿ ನಿಂತಿರತಿದ್ವು, ಎಲ್ಲಾ ಶ್ರೀ ಅದರಾಗ ಸಿಕ್ಕೊಂಡಿರತಿದ್ವು. ಖಾಲಿ ಆದಾಗ ಅಷ್ಟ ದಪ್ಪಿಂದು ಬ್ಯಾರೆ ಯಾವದರ ಮೊಳಿ ತಗೊಂಡು ಕಾಲು ಮ್ಯಾಲೆ ಮಾಡಿ ಕೂಡಿಸತಿದ್ವಿ, ಜಾಗ ಹಿಡಿಯಾಕ. ಪ್ರೂಫಿನ್ಯಾಗ ಅದು ಕಪ್ಪ ಚೌಕ ಬೀಳತೈತಿ, ಮರೀಬಾರದು ಅಂತಾನ ಹಂಗ. ಆಮ್ಯಾಲೆ ಬಾಜೂ ಪ್ರೆಸ್ಸಿಗೆ ಹುಡುಗನ್ನ ಓಡಿಸೂದು, ನಾಕು ಶ್ರೀ ಎಣಿಸಿ ಕೊಡ್ರಿ ಅಂತ. ಎಣಿಸಿ ತರೂದು, ಎಣಿಸಿ ವಾಪಸ್ ಕೊಡೂದು. ನಾ ಎಷ್ಟ ಸಲ ಓಡೇನಿ ಲೆಕ್ಕ ಇಲ್ಲ, ಅಂಗೈಯಾಗ ಬಿಗಿ ಹಿಡಕೊಂಡು, ಚಡ್ಡೀ ಕಿಸೇಕ ಹಾಕಿದ್ರ ಮೂಲಿ ಮುಕ್ಕಾಗತಾವು ಅಂತ.

ನಿಮ್ಮ ಅಜ್ಜ ಶ್ರೀ ಬರೂದನ್ನ ಕಾಯಾಕತ್ತಿದ್ದ. ಅದಕ್ಕ ಅದು ಪ್ರಿಂಟ್ ಆಗಿಲ್ಲ. ಟ್ರೇದಾಗ ಹುಡುಕಿ ನೋಡು.

ಬೆಟಗೇರಿ_ಮೊಮ್ಮಗ

ಅಣ್ಣಾರ, ಶ್ರೀ ಖಾನೆ ಖಾಲೀನ ಐತಿ. ಆದ್ರ ಆ ಕಣಜದ ಗೂಡು ಹಸಿ ಅರಿವಿಲೆ ನೆನಸಿ ಒಡದು ನೋಡಿದೆ, ಮಣ್ಣಿನ್ಯಾಗ ಮೂರು ಸಿಕ್ಕಾವು. ಅಪ್ಪ ಮುಂಜಾನಿಂದ ಕೆಳಗ ಕುಂತು ನಾಕನೇದು ಹುಡುಕಾಕತ್ತಾರ. ಕಾಕಾನೂ ಬಂದು ಬಾಜೂಕ ಕುಂತಾರ. ಮೋಡಕಾದವಗ ಫೋನ್ ಮಾಡಿ ಬರಬ್ಯಾಡ ಅಂತ ಹೇಳೇನಿ. ಚೇಸ್ ಸಡಲ ಮಾಡದ ಆ ಮೂರು ಕೂಡಸೂದು ಹೆಂಗ ಅಂತ ಹೇಳ್ರಿ, ಇಲ್ಲಾಂದ್ರ ಒಂದ ದಿನ ನೀವ ಬೆಟಗೇರಿಗೆ ಬರಾಕ ಆಗತೈತೇನ್ರಿ?

ಹಳೇ_ಕಂಪೋಜಿಟರ್

ಐತವಾರ ಮುಂಜಾನೆ ಬರತೀನಿ. ಚಿಮಟಿಗಿ ನಂದ ತರತೀನಿ. ಅಲ್ಲೀತನಕ ಯಾರೂ ಬೆಣಿ ಮುಟ್ಟಬ್ಯಾಡ್ರಿ.