ಕಿವಿ ಕೇಳಿಸದ ಮಗುವಿಗೆ ಸನ್ನೆ ಭಾಷೆಯಿಂದ ಕನ್ನಡ ಓದು: ಅಕ್ಷರದಿಂದ ಶುರು ಮಾಡಬೇಕೋ, ಪದದಿಂದಲೋ?

ಹೊಂಗೆನೆರಳು (ಪ್ರಶ್ನೆ)

ಮಗಳಿಗೆ 5 ವರ್ಷ. ಶ್ರವಣ ಸಾಧನ ಹಾಕಿದರೂ ಮಾತು ಬಿಡಿಸಿ ಕೇಳಿಸುವುದಿಲ್ಲ. ಭಾರತೀಯ ಸನ್ನೆ ಭಾಷೆ ಚೆನ್ನಾಗಿ ಬರುತ್ತದೆ, ಚಿಕ್ಕ ಚಿಕ್ಕ ವಾಕ್ಯ ಮಾಡುತ್ತಾಳೆ. ಅ ಆ ಇ ಈ ನೋಡಿಕೊಂಡು ಬರೆಯುತ್ತಾಳೆ, ಆದರೆ ‘ಮರ’ ಅಂತ ಬರೆದು ತೋರಿಸಿದರೆ ಏನೆಂದು ಗೊತ್ತಾಗುವುದಿಲ್ಲ. ಇಂಗ್ಲಿಷ್ ಬೆರಳಕ್ಷರದಲ್ಲಿ ‘ಎಂ-ಎ-ಆರ್-ಎ’ ಅಂತ ತೋರಿಸಬೇಕಾ? ಸನ್ನೆ ಜಾಸ್ತಿಯಾದರೆ ಮಾತು, ಓದು ಎರಡೂ ಬರಲ್ಲ ಅಂತ ಮನೆಯ ಹಿರಿಯರ ಭಯ. ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕಪ್ಪುಹಲಗೆ

ಮೇಡಂ, ಮೊದಲು ಹಿರಿಯರ ಭಯಕ್ಕೆ ಉತ್ತರ. ಸನ್ನೆ ಭಾಷೆ ಗಟ್ಟಿಯಾಗಿರುವ ಕಿವುಡ ಮಕ್ಕಳೇ ಓದಿನಲ್ಲೂ ಮುಂದಿರುತ್ತಾರೆ ಎಂಬುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅಪಾಯ ಇರುವುದು ಯಾವ ಭಾಷೆಯೂ ಇಲ್ಲದೆ ವರ್ಷಗಳು ಕಳೆದುಹೋಗುವುದರಲ್ಲಿ. ನಿಮ್ಮ ಮಗಳಿಗೆ ಆ ಕೊರತೆ ಇಲ್ಲ, ಧೈರ್ಯವಾಗಿರಿ.

ಕಿವಿ ಕೇಳಿಸುವ ಮಗು ‘ಮ’, ‘ರ’ ಎಂದು ಕೂಡಿಸಿ ಓದಿದಾಗ ಮೊದಲೇ ಗೊತ್ತಿರುವ ಪದವೊಂದು ಕಿವಿಗೆ ಬೀಳುತ್ತದೆ. ನಿಮ್ಮ ಮಗಳಿಗೆ ಆ ದಾರಿ ಇಲ್ಲ. ಅವಳ ಪಾಲಿಗೆ ಅರ್ಥ ಇರುವುದು ಸನ್ನೆಯಲ್ಲಿ. ಹಾಗಾಗಿ ಬರೆದ ಪದವನ್ನು ನೇರವಾಗಿ ಸನ್ನೆಗೇ ಕಟ್ಟಬೇಕು. ಅಕ್ಷರ ಬಿಡಿಸುವುದು ಆಮೇಲೆ.

ಡ್ರಾಯಿಂಗ್ ಹಾಳೆಯನ್ನು ಅಂಗೈ ಅಗಲಕ್ಕೆ ಕತ್ತರಿಸಿ, ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಒಂದೊಂದು ಪದ ಬರೆಯಿರಿ. ಚಿತ್ರ ಹಿಂಬದಿಗಿರಲಿ. ಒಂದೇ ಬದಿಯಲ್ಲಿದ್ದರೆ ಮಗು ಚಿತ್ರ ನೋಡಿ ಸನ್ನೆ ಮಾಡುತ್ತದೆ, ನಾವು ಓದಿತು ಅಂದುಕೊಳ್ಳುತ್ತೇವೆ. ಒಂದು ಸಲಕ್ಕೆ 4-5 ಪದ ಸಾಕು, ಎಲ್ಲವೂ ಅವಳಿಗೆ ಸನ್ನೆ ಗೊತ್ತಿರುವಂಥವೇ ಆಗಿರಲಿ: ಅಮ್ಮ, ಹಾಲು, ಬಸ್ಸು, ಮಳೆ. ಸನ್ನೆ ಮಾಡಿ, ಕಾರ್ಡಿನ ಪದದ ಕೆಳಗೆ ಬೆರಳು ಎಳೆಯಿರಿ, ಅವಳ ಅಂಗೈ ಮೇಲೆ ಅಕ್ಷರಗಳನ್ನು ಒಂದೊಂದಾಗಿ ಬೆರಳಿನಿಂದ ಬರೆಯಿರಿ, ಮತ್ತೆ ಅದೇ ಸನ್ನೆ. ಅಂಗೈ ಮೇಲೆ ಬರೆಯುವಾಗ ಪಕ್ಕದಲ್ಲಿ ಕೂರಬೇಕು. ಎದುರಿಗೆ ಕೂತರೆ ಅಕ್ಷರ ಅವಳಿಗೆ ತಲೆಕೆಳಗು.

ಇಂಗ್ಲಿಷ್ ಬೆರಳಕ್ಷರ ಈಗ ಬೇಡ. ಕನ್ನಡ ಪದಕ್ಕೆ ಇಂಗ್ಲಿಷ್ ಕಾಗುಣಿತ, ಅದಕ್ಕೊಂದು ಕೈಚಿಹ್ನೆ ಅಂದರೆ ಒಂದು ಪದಕ್ಕೆ ಎರಡು ಲಿಪಿಯ ಹೊರೆ.

ಮೊದಮೊದಲು ಮಕ್ಕಳು ಪದದ ಉದ್ದ ನೋಡಿಯೋ ಒಂದು ಅಕ್ಷರ ಗುರುತು ಹಿಡಿದೋ ಊಹಿಸುತ್ತಾರೆ. ಅದನ್ನು ತಪ್ಪಿಸಲು ಒಂದೇ ಅಳತೆಯ ಪದಗಳನ್ನು ಒಟ್ಟಿಗೆ ಇಡಿ: ಬಳೆ, ಮಳೆ, ಎಲೆ, ಬಲೆ. ಆಗ ಕಣ್ಣು ಪ್ರತಿ ಅಕ್ಷರಕ್ಕೂ ಹೋಗಲೇಬೇಕು. ‘ತುಟಿ ನೋಡಿ ಕಲಿಯಲಿ’ ಅನ್ನುವವರಿಗೂ ಇದೇ ಉದಾಹರಣೆ ಕೊಡಿ: ಪ, ಬ, ಮ ಮೂರಕ್ಕೂ ತುಟಿ ಮುಚ್ಚುವುದು ಒಂದೇ ಥರ, ಹಾಗಾಗಿ ಬಳೆ, ಮಳೆ ಕಣ್ಣಿಗೆ ಒಂದೇ.

ಬಿಡಿ ಅಕ್ಷರಕ್ಕೆ ಬಂದಾಗ ವರ್ಣಮಾಲೆಯ ಕ್ರಮಕ್ಕಿಂತ ಸರ್ಕಾರಿ ಶಾಲೆಗಳ ನಲಿಕಲಿ ಪಾಠದ ಕ್ರಮ ಒಳ್ಳೆಯದು. ರ, ಗ, ಸ, ದ, ಅ ಬಂದ ಕೂಡಲೇ ಸರ, ಅರಸ, ಗರಗಸ ಓದಬಹುದು. ‘ದರ’ದಂಥ ಪದ ಬಿಟ್ಟುಬಿಡಿ, ಈ ವಯಸ್ಸಿಗೆ ಅರ್ಥ ತೋರಿಸುವುದು ಕಷ್ಟ.

ಕೈಮಾತು

ಮೇಲಿನ ಮಾತಿಗೆ ಸೇರಿಸುತ್ತೇನೆ. ನಾನೂ ಕಿವುಡ, ಕಿವುಡ ಮಕ್ಕಳಿಗೆ ಕಥೆ ಓದಿ ಹೇಳುವುದೇ ಕೆಲಸ.

ಪುಸ್ತಕ ಓದಿಸುವಾಗ ಎಲ್ಲರೂ ಮಾಡುವ ತಪ್ಪು: ಮಗು ಚಿತ್ರ ನೋಡುತ್ತಿರುವಾಗಲೇ ಸನ್ನೆ ಮಾಡುವುದು. ಒಂದೇ ಹೊತ್ತಿಗೆ ಎರಡು ಕಡೆ ನೋಡಲಾಗದು. ಪುಟ ತೋರಿಸಿ ಕಾಯಿರಿ, ಅವಳು ತಲೆ ಎತ್ತಿದ ಮೇಲೆ ಸನ್ನೆ ಮಾಡಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಇರಬಾರದು, ಮುಖ ಕಪ್ಪಾಗಿ ಕಾಣುತ್ತದೆ. ಪ್ರಶ್ನೆಯೋ ಅಲ್ಲವೋ ಅನ್ನುವುದು ಹುಬ್ಬಿನಲ್ಲೇ ಇರುವುದರಿಂದ ಅದು ದೊಡ್ಡ ನಷ್ಟ.

ನಿಜವಾದ ಕಷ್ಟ ಶುರುವಾಗುವುದು ವಾಕ್ಯದಲ್ಲಿ. ಮನೆಗೆ, ಮನೆಯಿಂದ, ಮನೆಯಲ್ಲಿ ಅನ್ನುವ ಬಾಲಗಳು ಸನ್ನೆಯಲ್ಲಿ ಬಿಡಿಯಾಗಿ ಬರುವುದಿಲ್ಲ, ಕೈಯ ಚಲನೆಯೊಳಗೇ ಇರುತ್ತವೆ. ಅದನ್ನೇ ಹಿಡಿದು ಕಲಿಸಿ. ‘ಕೊಡು’ ಸನ್ನೆ ಕೊಡುವವರಿಂದ ಹೊರಟು ತೆಗೆದುಕೊಳ್ಳುವವರ ಕಡೆ ಹೋಗುತ್ತದಲ್ಲ? ‘ಅಪ್ಪ ಅಜ್ಜಿಗೆ ಹೂವು ಕೊಟ್ಟ’ ಎಂದು ಬರೆದು ‘ಗೆ’ ಒಂದನ್ನೇ ಕೆಂಪು ಮಾಡಿ, ಕೈ ಎಲ್ಲಿ ನಿಂತಿತೋ ಅಲ್ಲಿ ಆ ಕೆಂಪು ಚೀಟಿ ಇಡಿ. ‘ಇಂದ’ ನೀಲಿ, ಕೈ ಹೊರಟ ಜಾಗಕ್ಕೆ. ‘ಅಲ್ಲಿ’ ಹಸಿರು, ವಸ್ತು ಇರುವ ಜಾಗಕ್ಕೆ. ‘ಹಾಲನ್ನು’ ಎಂಬಲ್ಲಿ ಬರುವ ‘ಅನ್ನು’ವಿಗೆ ಇಂಥ ಆಸರೆ ಇಲ್ಲ, ಅದನ್ನು ಕೊನೆಗಿಡಿ. ಹೋದ, ಹೋದಳು, ಹೋಗುತ್ತಾಳೆ ಎಲ್ಲಕ್ಕೂ ‘ಹೋಗು’ ಸನ್ನೆ ಒಂದೇ. ಕಾಲ ‘ನಿನ್ನೆ’, ‘ನಾಳೆ’ಯಲ್ಲಿ ಬರುತ್ತದೆ. ಮೂರನ್ನೂ ಮೂರು ಚಿತ್ರದ ಜೊತೆ ಬೇರೆ ಬೇರೆಯಾಗಿಯೇ ಕಲಿಸಿ. ಒಂದೇ ದಿನ ಮೂರೂ ಬೇಡ.

ಗೊತ್ತಿಲ್ಲದ ಸನ್ನೆಗೆ ಭಾರತೀಯ ಸನ್ನೆ ಭಾಷೆಯ ಸರ್ಕಾರಿ ಸಂಶೋಧನೆ, ತರಬೇತಿ ಕೇಂದ್ರವಾದ ಐಎಸ್‌ಎಲ್‌ಆರ್‌ಟಿಸಿಯ ವಿಡಿಯೊ ನಿಘಂಟು ನೋಡಿ. 2021ರಲ್ಲೇ 10,000 ಪದ ಮುಟ್ಟಿತ್ತು. ಹುಡುಕಲು ಇಂಗ್ಲಿಷ್ ಪದ ಕೊಡಬಹುದು. ನಿಮ್ಮೂರಿನ ಕಿವುಡರ ಸನ್ನೆ ಬೇರೆ ಇದ್ದರೆ ಮಗಳು ಬಳಸುವುದನ್ನೇ ಇಟ್ಟುಕೊಳ್ಳಿ.

ಹೊಂಗೆನೆರಳು

ತುಂಬಾ ಉಪಕಾರವಾಯಿತು. ಇನ್ನೊಂದೇ ಪ್ರಶ್ನೆ: ‘ಅಮ್ಮ’ ಬರೆ ಅಂದರೆ ‘ಅಮಮ’ ಬರೆಯುತ್ತಾಳೆ. ಒತ್ತಕ್ಷರ ಹೇಗೆ? ಕಲಿತಿದ್ದಾಳೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಕಪ್ಪುಹಲಗೆ

ಚೌಕ ಹಾಕಿ ಬರೆಸಿ. ‘ಅಮ್ಮ’ಕ್ಕೆ ಎರಡೇ ಚೌಕ, ಒತ್ತು ಎರಡನೆಯ ಚೌಕದೊಳಗೇ ಕೂರಬೇಕು. ಮೂಲ ಅಕ್ಷರದ ಹಾಗೇ ಕಾಣುವ ಒತ್ತುಗಳು ಮೊದಲು ಬರಲಿ: ಹಬ್ಬ, ರೊಟ್ಟಿ, ಮೊಗ್ಗು. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಆಕಾರವೇ ಬೇರೆ. ಕತ್ತೆ, ಅನ್ನ, ಬೆಲ್ಲದಲ್ಲಿ ಅವನ್ನು ಹೊಸ ಅಕ್ಷರ ಎಂದೇ ತಿಳಿದು ಕಲಿಸಿ. ಬ-ಭ, ದ-ಧ ಬಂದಾಗ ಕೆಳಗಿನ ಸಣ್ಣ ಗೀಟಿಗೆ ಮಾತ್ರ ಬಣ್ಣ ಹಾಕಿ, ಗುರುತು ಹತ್ತಿದ ಮೇಲೆ ಬಣ್ಣ ತೆಗೆಯಿರಿ.

ಪರೀಕ್ಷೆ ಎರಡು ಥರ. ನೀವು ಸನ್ನೆ ಮಾಡಿ, ಅವಳು ಕಾರ್ಡು ಎತ್ತಿಕೊಡುವುದು ಸುಲಭದ್ದು. ಬರೀ ಪದ ತೋರಿಸಿ ಅವಳಿಂದ ಸನ್ನೆ ಮಾಡಿಸುವುದು ಕಷ್ಟದ್ದು. ಎರಡನೆಯದನ್ನು ಎರಡು ದಿನ ಬಿಟ್ಟು ಕೇಳಿದಾಗಲೂ ಸರಿ ಮಾಡಿದರೆ ಆ ಕಾರ್ಡು ಬೇರೆ ಡಬ್ಬಿಗೆ ಹಾಕಿ, ಅದರ ಜಾಗಕ್ಕೆ ಹೊಸದೊಂದು ತನ್ನಿ. ಆ ಬೇರೆ ಡಬ್ಬಿಯಿಂದ ವಾರಕ್ಕೊಮ್ಮೆ ಕೆಲವನ್ನು ಎತ್ತಿ ಮತ್ತೆ ಕೇಳಿ.