ಯಕ್ಷಗಾನದ ಫೋಟೋಗೆ ದೊಡ್ಡ ಮಿರರ್‌ಲೆಸ್ಸೋ, ಜೇಬಿನ ಕ್ಯಾಮೆರಾವೋ?

ಪ್ರಶ್ನೆ: ಶಿರಸಿಯ ಸದಸ್ಯೆ, ಹೈಸ್ಕೂಲ್ ಟೀಚರ್

ಸರ್, ನಮಸ್ಕಾರ. ಕ್ಯಾಮೆರಾಕ್ಕೆಂದು ಎರಡು ವರ್ಷದಿಂದ ಹಣ ಕೂಡಿಸುತ್ತಿದ್ದೇನೆ. ಈಗ ಇರುವುದು ಫೋನ್ ಮಾತ್ರ. ಯಕ್ಷಗಾನದ ಫೋಟೋ ಚೆನ್ನಾಗಿ ಬರಬೇಕು ಅನ್ನುವುದು ಮುಖ್ಯ ಆಸೆ. ಫೋನಿನಲ್ಲಿ ತೆಗೆದರೆ ಕಿರೀಟದ ಮೇಲೆಲ್ಲ ಬರೀ ಬಿಳಿ ಬೆಳಕು, ಮುಖ ಮೇಣ ಮೆತ್ತಿದ ಹಾಗೆ. ನಮ್ಮ ಭಾವ, ‘ತಗೊಳ್ಳುವುದಾದರೆ ಫುಲ್ ಫ್ರೇಮ್ ಮಿರರ್‌ಲೆಸ್ಸೇ ತಗೋ, ವೃತ್ತಿಪರರು ಬಳಸುವುದು ಅದನ್ನೇ’ ಅನ್ನುತ್ತಾರೆ. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಹತ್ತಿರ ಜೇಬಿನಲ್ಲಿ ಹಿಡಿಯುವ ಕಾಂಪ್ಯಾಕ್ಟ್ ಇದೆ. ಅದರ ಫೋಟೋ ನೋಡಿದರೆ ಅಷ್ಟೇ ಸಾಕು ಅನಿಸುತ್ತದೆ. ಎರಡೂ ಕೊಳ್ಳುವಷ್ಟು ಹಣ ಇಲ್ಲ. ಯಾವುದು ತೆಗೆದುಕೊಳ್ಳಲಿ?

ಉತ್ತರ: ಫೋಟೋಗ್ರಾಫರ್

ನಮಸ್ಕಾರ ಮೇಡಂ. ನಾನು ಹೊಟ್ಟೆಪಾಡಿಗೆ ಮದುವೆ ಫೋಟೋ ತೆಗೆಯುವವನು. ಯಕ್ಷಗಾನ ಆಟದ ಫೋಟೋ ನನ್ನ ಇಷ್ಟಕ್ಕೆ. ಹಾಗಾಗಿ ನಿಮ್ಮ ಪ್ರಶ್ನೆ ನನಗೂ ಹತ್ತಿರದ್ದು.

ಮೊದಲು ಭಾವನವರ ಮಾತು. ರಂಗಸ್ಥಳದ ಮಟ್ಟಿಗೆ ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ.

ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿ ಇಲ್ಲದ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ. ಫುಲ್ ಫ್ರೇಮ್ ಅಂದರೆ ಒಳಗಿನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) 36 ಮಿಮೀ ಅಗಲ, 24 ಮಿಮೀ ಎತ್ತರ. ಒಳ್ಳೆಯ ಕಾಂಪ್ಯಾಕ್ಟ್‌ಗಳಲ್ಲಿ ಹೆಚ್ಚಾಗಿ ಇರುವುದು ‘ಒಂದು ಇಂಚಿನ’ ಸೆನ್ಸರ್. ಹೆಸರಿಗೆ ಇಂಚು, ನಿಜವಾದ ಅಳತೆ 13.2 ಮಿಮೀಗೆ 8.8 ಮಿಮೀ. ವಿಸ್ತೀರ್ಣದಲ್ಲಿ ಫುಲ್ ಫ್ರೇಮ್ ಏಳು ಪಟ್ಟಿಗಿಂತ ದೊಡ್ಡದು. ಅಡಿಕೆ ಒಣಗಿಸುವ ಅಂಗಳ ದೊಡ್ಡದಿದ್ದಷ್ಟೂ ಬೀಳುವ ಬಿಸಿಲು ಜಾಸ್ತಿ ಅಲ್ವಾ, ಇದೂ ಹಾಗೆಯೇ.

ಬಡಗುತಿಟ್ಟಿನ ವೇಷಧಾರಿ ಮಂಡಿಯಲ್ಲಿ ತಿರುಗುವಾಗ, ತೆಂಕುತಿಟ್ಟಿನವರು ದಿಗಿಣ ಹೊಡೆಯುವಾಗ ಅಲುಗಾಡದ ಚಿತ್ರ ಬೇಕಾದರೆ ಶಟರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, 1/500 ಸೆಕೆಂಡ್ ಆದರೂ ಇರಬೇಕು. ನಾನು ತೆಗೆಯುವ ಸಾಮಾನ್ಯ ರಂಗಸ್ಥಳದ ಬೆಳಕಿನಲ್ಲಿ ಎಫ್ 2.8 ಲೆನ್ಸ್ ಇಟ್ಟರೆ ಐಎಸ್‌ಒ 3200ರ ಹತ್ತಿರ ಹೋಗುತ್ತದೆ. ಎಫ್ ಸಂಖ್ಯೆ ಸಣ್ಣದಿದ್ದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ; ಐಎಸ್‌ಒ ಅಂದರೆ ಸಿಕ್ಕ ಬೆಳಕನ್ನು ಎಷ್ಟು ಹಿಗ್ಗಿಸಬೇಕು ಅನ್ನುವ ಅಳತೆ, ಅದು ಏರಿದಷ್ಟೂ ಫೋಟೋದಲ್ಲಿ ಕಾಳು ಜಾಸ್ತಿ. ಫುಲ್ ಫ್ರೇಮ್‌ಗೆ ಇದು ಕಷ್ಟವೇ ಅಲ್ಲ. ಈಗ ಸೋನಿ ಆರ್‌ಎಕ್ಸ್ 100 ಮಾರ್ಕ್ 7 ನೋಡಿ. ಜೇಬಿನ ಕ್ಯಾಮೆರಾದಲ್ಲಿ 200 ಮಿಮೀವರೆಗೆ ಝೂಮ್ ಸಿಗುತ್ತದೆ ಅನ್ನುವುದು ದೊಡ್ಡ ವಿಷಯ (ಲೆನ್ಸ್‌ನ ಈ ಮಿಮೀ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಆದರೆ ಆ ತುದಿಯಲ್ಲಿ ಲೆನ್ಸ್ ಎಫ್ 4.5ಕ್ಕೆ ಇಳಿಯುತ್ತದೆ. ಅದೇ ಬೆಳಕಿಗೆ ಐಎಸ್‌ಒ 8000 ಬೇಕು, ಅದೂ ಆ ಸಣ್ಣ ಸೆನ್ಸರ್ ಮೇಲೆ. ಫೋಟೋ ಬರುತ್ತದೆ, ಆದರೆ ಕಾಳು ಕಾಳು. ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದ ಮೇಲಿನ ಸಣ್ಣ ಚುಕ್ಕಿ, ಗೆರೆಗಳೆಲ್ಲ ಅದರಲ್ಲಿ ಕಳೆದುಹೋಗುತ್ತವೆ.

ಇನ್ನು ತೂಕ. ಆರ್‌ಎಕ್ಸ್ 100 ಮಾರ್ಕ್ 7 ಒಟ್ಟು 302 ಗ್ರಾಂ. ಫುಲ್ ಫ್ರೇಮ್‌ನ ಸೋನಿ ಎ7 ಮಾರ್ಕ್ 4ರ ಬಾಡಿಯೊಂದೇ (ಲೆನ್ಸ್ ಇಲ್ಲದೆ) 658 ಗ್ರಾಂ. ಅದಕ್ಕೆ 70-200 ಎಫ್ 2.8 ಲೆನ್ಸ್‌ನ ಹೊಸ ಮಾದರಿ ಹಾಕಿದರೆ ಇನ್ನೂ ಒಂದು ಕಿಲೋಗಿಂತ ಜಾಸ್ತಿ. ಹಣವೂ ಹೀಗೆಯೇ ಬೆಳೆಯುತ್ತದೆ. ಇಂಥ ಲೆನ್ಸ್‌ಗೆ ಬಾಡಿಯಷ್ಟೇ ಬೆಲೆ, ಕೆಲವು ಸಲ ಅದಕ್ಕಿಂತ ಜಾಸ್ತಿ. ಬಾಡಿಯ ಮೇಲೆ ಎಲ್ಲ ಹಣ ಸುರಿದು, ಅದರ ಜೊತೆ ಬರುವ ಅಗ್ಗದ ಕಿಟ್ ಲೆನ್ಸ್‌ನಲ್ಲಿ ಆಟಕ್ಕೆ ಹೋದವರನ್ನು ನೋಡಿದ್ದೇನೆ. ಕಿಟ್ ಝೂಮ್ ಉದ್ದ ಮಾಡಿದಾಗ ಸಾಮಾನ್ಯವಾಗಿ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. ದೊಡ್ಡ ಸೆನ್ಸರ್‌ನ ಲಾಭದಲ್ಲಿ ಬಹುಪಾಲು ಅಲ್ಲಿಗೇ ಹೋಯಿತು.

ಆದರೂ ಈಗಲೇ ಅಂಗಡಿಗೆ ಹೋಗಬೇಡಿ. ಒಂದು ಕೆಲಸ ಮಾಡಿ. ಕಳೆದ ಒಂದು ವರ್ಷ ಫೋನಿನಲ್ಲಿ ತೆಗೆದ ಫೋಟೋಗಳನ್ನು ಕೂತು ನೋಡಿ. ಯಕ್ಷಗಾನದ್ದು ಎಷ್ಟು, ಬೇರೆಯದು ಎಷ್ಟು ಅಂತ ಎಣಿಸಿ. ಯಕ್ಷಗಾನದ್ದರಲ್ಲಿ ನಿಮಗೆ ತುಂಬಾ ಇಷ್ಟವಾದ ಹತ್ತು ಫೋಟೋ ಬೇರೆ ತೆಗೆದಿಡಿ. ಅವು ಎಲ್ಲಿ ನಿಂತು ತೆಗೆದವು, ಯಾರದ್ದು ಅಂತ ಬರೆಯಿರಿ. ಆಮೇಲೆ ಮಾತಾಡೋಣ.

ಧಾರವಾಡದ ಸದಸ್ಯರು

ನಡುವೆ ಬಂದಿದ್ದಕ್ಕೆ ಕ್ಷಮಿಸಿ ಸರ್. ಈಗಿನ ಫೋನ್ ಇರುವಾಗ ಜೇಬಿನ ಕ್ಯಾಮೆರಾ ಯಾಕೆ ಬೇಕು?

ಉತ್ತರ

ಹಗಲು ಹೊತ್ತಿನಲ್ಲಿ, ಫೋನ್ ಪರದೆಯ ಮೇಲೆ ನೋಡಲು ಮಾತ್ರವಾದರೆ ಬೇಡ. ಫೋನ್ ಸಾಕು. ರಾತ್ರಿ ಹೊತ್ತು ಫೋನ್ ಹಲವು ಚಿತ್ರ ತೆಗೆದು ಒಂದರ ಮೇಲೊಂದು ಸೇರಿಸಿ ಒಂದು ಚಿತ್ರ ಮಾಡುತ್ತದೆ. ನಿಂತ ವಸ್ತುವಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕುಣಿಯುವ ವೇಷಕ್ಕೆ ಆಗುವುದಿಲ್ಲ. ಮೇಡಂ ಹೇಳಿದ ‘ಮೇಣ ಮೆತ್ತಿದ ಮುಖ’ ಬರುವುದು ಕಾಳುಗಳನ್ನು ಒರೆಸಿ ನುಣುಪು ಮಾಡುವುದರಿಂದ. ಕಾಂಪ್ಯಾಕ್ಟ್‌ನಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆದು ಎಷ್ಟು ಒರೆಸಬೇಕು ಅಂತ ನೀವೇ ತೀರ್ಮಾನ ಮಾಡಬಹುದು. ನಿಜವಾದ ಝೂಮ್ ಲೆನ್ಸ್ ಸಿಗುತ್ತದೆ ಅನ್ನುವುದೂ ಇದೆ.

ಶಿರಸಿಯ ಸದಸ್ಯೆ

ಸರ್, ಭಾನುವಾರ ಪೂರ್ತಿ ಇದೇ ಕೆಲಸ ಆಯಿತು. ಸುಮಾರು 2100 ಫೋಟೋ ಇತ್ತು. ಯಕ್ಷಗಾನಕ್ಕೆ ಹೋಗಿದ್ದು ಬರೀ ನಾಲ್ಕು ರಾತ್ರಿ, 140 ಫೋಟೋ. ಉಳಿದದ್ದು ಮಗಳು, ಶಾಲೆಯ ಮಕ್ಕಳು, ತೋಟ, ಸಹಸ್ರಲಿಂಗಕ್ಕೆ ಹೋಗಿದ್ದು.

ಇಷ್ಟವಾದ ಹತ್ತು ಬೇರೆ ಮಾಡಿದಾಗ ನನಗೇ ಆಶ್ಚರ್ಯ ಆಯಿತು. ರಂಗಸ್ಥಳದಲ್ಲಿ ಕುಣಿಯುವುದು ಒಂದೇ ಒಂದು. ಆರು ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ ತೆಗೆದದ್ದು. ಮೂರು ನಮ್ಮ ಅಪ್ಪನದ್ದು. ಅಪ್ಪ ಹವ್ಯಾಸಿ ತಂಡದಲ್ಲಿ ಚಂಡೆ ಬಾರಿಸುತ್ತಾರೆ, 72 ವರ್ಷ. ಇನ್ನು ಒಂದೆರಡು ವರ್ಷ ಅಷ್ಟೇ, ಆಮೇಲೆ ಭುಜ ಕೇಳುವುದಿಲ್ಲ ಅನ್ನುತ್ತಿದ್ದಾರೆ. ಮೊದಲು ಬರೆಯುವಾಗ ಇದು ಹೊಳೆದಿರಲಿಲ್ಲ. ನನಗೆ ಬೇಕಿದ್ದದ್ದು ಬಹುಶಃ ಅಪ್ಪನ ಫೋಟೋನೇ.

ಉತ್ತರ

ಮೇಡಂ, ಹೇಳಿದ್ದು ಒಳ್ಳೆಯದಾಯಿತು. ನನ್ನ ಲೆಕ್ಕವೇ ಬದಲಾಯಿತು.

ನಾನು 1/500 ಅಂದಿದ್ದು ಕುಣಿಯುವ ಮುಮ್ಮೇಳಕ್ಕೆ. ನಿಮ್ಮ ತಂದೆಯವರು ಹಿಮ್ಮೇಳದಲ್ಲಿ ಒಂದೇ ಜಾಗದಲ್ಲಿ ಇರುತ್ತಾರೆ. ಮುಖ ಹೆಚ್ಚು ಅಲುಗಾಡುವುದಿಲ್ಲ, ಕೈ ಮಾತ್ರ ಓಡುತ್ತದೆ. ಅವರಿಗೆ 1/125 ಸಾಕು. ಮುಖ ಸ್ಪಷ್ಟ ಬರುತ್ತದೆ, ಚಂಡೆಯ ಕೋಲು ಗಾಳಿಯಲ್ಲಿ ಸ್ವಲ್ಪ ಮಸುಕಾಗುತ್ತದೆ. ಮಸುಕಾಗಲಿ. ಕೋಲು ಗಟ್ಟಿಯಾಗಿ ನಿಂತಿದ್ದರೆ ಬಾರಿಸುತ್ತಿದ್ದಾರೆ ಅಂತ ಯಾರಿಗೂ ಅನಿಸುವುದಿಲ್ಲ. 1/500ರಿಂದ 1/125ಕ್ಕೆ ಬಂದರೆ ನಾಲ್ಕು ಪಟ್ಟು ಬೆಳಕು ಸಿಕ್ಕಿತು. ಎಫ್ 2.8ರಲ್ಲಿ ಐಎಸ್‌ಒ 3200 ಇದ್ದದ್ದು 800ಕ್ಕೆ ಇಳಿಯಿತು. ಹಿಮ್ಮೇಳದ ಮೇಲೆ ಬೆಳಕು ಸ್ವಲ್ಪ ಕಡಿಮೆ ಬೀಳುತ್ತದೆ, 1600 ಅಂತಲೇ ಇಟ್ಟುಕೊಳ್ಳಿ. ಒಂದು ಇಂಚಿನ ಸೆನ್ಸರ್ ಅಷ್ಟನ್ನು ಚೆನ್ನಾಗಿ ನಿಭಾಯಿಸುತ್ತದೆ.

ಆದ್ದರಿಂದ ನನ್ನ ಸಲಹೆ ಜೇಬಿನ ಕ್ಯಾಮೆರಾ. ಆದರೆ ಯಾವುದಾದರೂ ಆದೀತು ಅಂತಲ್ಲ. ನಿಮಗೆ ಉದ್ದ ಝೂಮ್ ಬೇಡ, ಬೆಳಕು ಜಾಸ್ತಿ ಒಳಗೆ ಬಿಡುವ ಲೆನ್ಸ್ ಬೇಕು. ಕ್ಯಾನನ್ ಜಿ7 ಎಕ್ಸ್ ಮಾರ್ಕ್ 3 ನೋಡಿ. 2019ರದ್ದು, 304 ಗ್ರಾಂ, 24ರಿಂದ 100 ಮಿಮೀ, ಪೂರ್ತಿ ಝೂಮ್ ಮಾಡಿದರೂ ಎಫ್ 2.8. ಮುಂದಿನ ಸಾಲಿನಲ್ಲಿ ಕೂತರೆ 100 ಮಿಮೀ ಹಿಮ್ಮೇಳಕ್ಕೆ ಮುಟ್ಟುತ್ತದೆ. ಇದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ರಾತ್ರಿ ಆಟದಲ್ಲಿ ಪರದೆಯ ಬೆಳಕು ಹಿಂದೆ ಕೂತವರ ಕಣ್ಣಿಗೆ ಹೊಡೆಯುತ್ತದೆ, ಬ್ರೈಟ್‌ನೆಸ್ ಕಡಿಮೆ ಮಾಡಿಡಿ. ಝೂಮೇ ಬೇಡ, ಚೌಕಿ ಮತ್ತು ಮನೆ ಮಾತ್ರ ಅನ್ನುವುದಾದರೆ ರಿಕೋ ಜಿಆರ್ 3 ಎಕ್ಸ್ ಇದೆ. 40 ಮಿಮೀ ಒಂದೇ ಲೆನ್ಸ್, ಸೆನ್ಸರ್ ಎಪಿಎಸ್-ಸಿ, ಅಂದರೆ ಒಂದು ಇಂಚಿನದ್ದಕ್ಕಿಂತ ಮೂರು ಪಟ್ಟು ದೊಡ್ಡದು. ಚಾರ್ಜ್ ಬೇಗ ಮುಗಿಯುತ್ತದೆ, ಎರಡು ಬ್ಯಾಟರಿ ಬೇಕೇ ಬೇಕು. ನಿಮಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ, ತಂದೆಯವರನ್ನು ರಂಗಸ್ಥಳದಲ್ಲಿ ನೋಡಬೇಕಲ್ಲ.

ಸದ್ದಿನ ವಿಷಯವೂ ಇದೆ. ಇಂಥ ಕಾಂಪ್ಯಾಕ್ಟ್‌ಗಳಲ್ಲಿ ಶಟರ್ ಲೆನ್ಸ್ ಒಳಗೇ ಇರುತ್ತದೆ. ಸದ್ದು ಇಲ್ಲವೆನ್ನುವಷ್ಟು ಸಣ್ಣದು. ದೊಡ್ಡ ಕ್ಯಾಮೆರಾದಲ್ಲಿ ಸೈಲೆಂಟ್ ಮೋಡ್ ಹಾಕಿದರೆ ಎಲ್‌ಇಡಿ ದೀಪದ ಕೆಳಗೆ ಎಷ್ಟೋ ಸಲ ಫೋಟೋ ಮೇಲೆ ಅಡ್ಡ ಪಟ್ಟಿ ಬರುತ್ತದೆ. ಅದಕ್ಕೇ ಮೆಕ್ಯಾನಿಕಲ್ ಶಟರ್ ಬಳಸಬೇಕಾಗುತ್ತದೆ, ಭಾಗವತರು ಮೆಲ್ಲಗೆ ಹಾಡುವಾಗ ಅದರ ಟಕ್ ಟಕ್ ಎದ್ದು ಕೇಳುತ್ತದೆ. ಹಿಮ್ಮೇಳದವರ ಮಗಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಭಾವನವರಿಗೆ ಒಂದು ಮಾತು ತಿಳಿಸಿ. ಫುಲ್ ಫ್ರೇಮ್ ಅನ್ನುವ ಅಳತೆಯನ್ನು ಗಟ್ಟಿ ಮಾಡಿದ್ದೇ ಸಣ್ಣ ಕ್ಯಾಮೆರಾ ಬೇಕೆಂದು ಹಠ ಹಿಡಿದ ಒಬ್ಬರು. ಜರ್ಮನಿಯ ಆಸ್ಕರ್ ಬಾರ್ನಾಕ್‌ಗೆ ಆಸ್ತಮಾ ಇತ್ತು, ಆ ಕಾಲದ ಭಾರದ ಪ್ಲೇಟ್ ಕ್ಯಾಮೆರಾ ಹೊತ್ತು ಬೆಟ್ಟ ಹತ್ತಲು ಆಗುತ್ತಿರಲಿಲ್ಲ. ಸಿನಿಮಾ ರೀಲನ್ನು ಅಡ್ಡಕ್ಕೆ ಓಡಿಸಿ, ಸಿನಿಮಾ ಫ್ರೇಮಿನ ಎರಡರಷ್ಟು ಅಳತೆ ಇಟ್ಟುಕೊಂಡರು. ಅದೇ 36ಕ್ಕೆ 24 ಮಿಮೀ. 1925ರಲ್ಲಿ ಲೈಪ್‌ಜಿಗ್ ವ್ಯಾಪಾರ ಮೇಳದಲ್ಲಿ ಜನರ ಮುಂದೆ ಬಂದ ಅವರ ಕ್ಯಾಮೆರಾ ಲೈಕಾ, ಕೋಟಿನ ಜೇಬಿನಲ್ಲಿ ಹಿಡಿಯುತ್ತಿತ್ತು. ಈಗ ನಾವು ಆ ಅಳತೆಗೆ ಎರಡು ಕಿಲೋ ಹತ್ತಿರ ಹೊರುತ್ತೇವೆ.

ವರ್ಷಕ್ಕೆ ಒಂದು ರಾತ್ರಿ ಕುಣಿತದ ಫೋಟೋ ಬೇಕೇ ಬೇಕು ಅನಿಸಿದರೆ ದೊಡ್ಡದನ್ನು ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಬಾಡಿ, ಲೆನ್ಸ್ ಎರಡೂ ಸಿಗುತ್ತವೆ. ಆಗ ಒಂದು ನೆನಪಿರಲಿ. ಮುಖ ಹುಡುಕುವ ಆಟೋಫೋಕಸ್ ರಾಜವೇಷ, ಸ್ತ್ರೀವೇಷಕ್ಕೆ ಸರಿಯಾಗಿ ಹಿಡಿಯುತ್ತದೆ. ಬಣ್ಣದ ವೇಷದ ಮುಖ ಎಷ್ಟೋ ಸಲ ಅದಕ್ಕೆ ಮುಖ ಅಂತ ಗೊತ್ತಾಗುವುದಿಲ್ಲ, ಫೋಕಸ್ ರಂಗಸ್ಥಳದ ಹಿಂದಿನ ಪರದೆಗೆ ಹೋಗಿ ಕೂರುತ್ತದೆ. ಫೋಕಸನ್ನು ಸಿಂಗಲ್ ಪಾಯಿಂಟ್‌ಗೆ (ಒಂದೇ ಬಿಂದುವಿಗೆ) ಇಟ್ಟು ನೀವೇ ಮುಖದ ಮೇಲೆ ಹಿಡಿಯಿರಿ.

ತೀರ್ಥಹಳ್ಳಿಯ ಸದಸ್ಯರು

ಸರ್, ನಮ್ಮ ಕಡೆ ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಬರುವುದೇ ದೊಡ್ಡ ತಲೆನೋವು. ಇದರಲ್ಲಿ ಯಾವುದು ವಾಸಿ?

ಉತ್ತರ

ಇದನ್ನು ಮಲೆನಾಡಿನವರು, ಕರಾವಳಿಯವರು ಕೊಳ್ಳುವ ಮೊದಲೇ ಯೋಚಿಸಬೇಕು. ಲೆನ್ಸ್ ಬದಲಿಸುವ ಕ್ಯಾಮೆರಾದಲ್ಲಿ ಒಂದು ಲೆನ್ಸ್‌ಗೆ ಫಂಗಸ್ ಬಂದರೆ ಅದೊಂದನ್ನು ರಿಪೇರಿಗೆ ಕೊಟ್ಟು ಉಳಿದದ್ದರಲ್ಲಿ ಕೆಲಸ ಮಾಡಬಹುದು. ಕಾಂಪ್ಯಾಕ್ಟ್‌ನಲ್ಲಿ ಲೆನ್ಸ್ ಕೆಟ್ಟರೆ ಕ್ಯಾಮೆರಾನೇ ಹೋದ ಹಾಗೆ. ಧೂಳಿನದ್ದೂ ಇದೇ ಕಥೆ. ಝೂಮ್ ಒಳಗೆ ಹೊರಗೆ ಹೋಗುವಾಗ ಗಾಳಿಯ ಜೊತೆ ಧೂಳನ್ನೂ ಎಳೆದುಕೊಳ್ಳುತ್ತದೆ. ಒಂದು ಜಾತ್ರೆಯಲ್ಲಿ ಇಡೀ ದಿನ ನನ್ನ ಹಳೆಯ ಕಾಂಪ್ಯಾಕ್ಟ್ ಬಳಸಿದ್ದೆ. ಮನೆಗೆ ಬಂದು ನೋಡಿದರೆ ಆಕಾಶದ ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕಿ. ಮಿರರ್‌ಲೆಸ್ ಆಗಿದ್ದರೆ ಲೆನ್ಸ್ ಬಿಚ್ಚಿ ಬ್ಲೋಯರ್‌ನಲ್ಲಿ ಗಾಳಿ ಊದಿದರೆ ಮುಗಿಯುತ್ತಿತ್ತು. ಇದನ್ನು ಪೂರ್ತಿ ಬಿಚ್ಚಿಸಬೇಕಾಯಿತು. ಮುಖ್ಯವಾದ ಮೂರು ವಾರ ಅದು ನನ್ನ ಕೈಯಲ್ಲಿ ಇರಲಿಲ್ಲ.

ಮಳೆಗಾಲಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಒಂದು ಸಣ್ಣ ಮೀಟರ್ ಇಡಿ. ತೇವ 40ರಿಂದ 50 ಪರ್ಸೆಂಟ್ ನಡುವೆ ಇರಲಿ. ಜೆಲ್ ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆ ಮಾತ್ರ ಬೇಡ, ನೀಲಿ ಜೆಲ್‌ನಲ್ಲಿ ಇರುವ ಕೋಬಾಲ್ಟ್ ಒಳ್ಳೆಯದಲ್ಲ. ಕ್ಯಾಮೆರಾ ಬ್ಯಾಗಿನಲ್ಲೇ ಇಟ್ಟು ಬೀರುವಿಗೆ ಸೇರಿಸಬೇಡಿ. ಬಟ್ಟೆ ತೇವ ಹಿಡಿದಿಡುತ್ತದೆ, ಫಂಗಸ್‌ಗೆ ಬೇಕಾದ್ದು ಅದೇ. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ತೆಗೆಯಿರಿ.

ಹಾವೇರಿಯ ಸದಸ್ಯರು

ಅಣ್ಣ, ನಾನು ಮದುವೆ ಕೆಲಸ ಶುರು ಮಾಡಬೇಕು ಅಂತಿದ್ದೇನೆ. ನನಗೂ ಕಾಂಪ್ಯಾಕ್ಟ್ ನಡೆಯುತ್ತದಾ?

ಉತ್ತರ

ಇಲ್ಲ ತಮ್ಮ. ಬೇರೆಯವರ ಹಣ ತೆಗೆದುಕೊಳ್ಳುವಾಗ ಎರಡು ಕಾರ್ಡ್ ಹಾಕುವ ಬಾಡಿಯೇ ಬೇಕು. ಒಂದು ಕಾರ್ಡ್ ಕೈಕೊಟ್ಟರೂ ಇನ್ನೊಂದರಲ್ಲಿ ಫೋಟೋ ಉಳಿಯಬೇಕು. ತಾಳಿ ಕಟ್ಟುವುದನ್ನು ಎರಡನೇ ಸಲ ತೆಗೆಯಲು ಆಗುವುದಿಲ್ಲ. ಹೊಸದಕ್ಕೆ ಹಣ ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಬಾಡಿ ತಗೋ, ಉಳಿದ ಹಣ ಲೆನ್ಸ್‌ಗೆ ಹಾಕು.

ಶಿರಸಿಯ ಸದಸ್ಯೆ

ತುಂಬಾ ಧನ್ಯವಾದ ಸರ್. ಒಂದು ಸೆಕೆಂಡ್ ಹ್ಯಾಂಡ್ ಜಿ7 ಎಕ್ಸ್ ಮಾರ್ಕ್ 3 ಸಿಗುವ ಹಾಗಿದೆ. ಏನು ನೋಡಿ ಕೊಳ್ಳಲಿ? ಮುಂದಿನ ಶನಿವಾರ ಅಪ್ಪನ ತಂಡದ ಆಟ ಇದೆ.

ಉತ್ತರ

ಬಿಳಿ ಗೋಡೆ ಅಥವಾ ಖಾಲಿ ಆಕಾಶಕ್ಕೆ ಹಿಡಿದು ಎಫ್ 11ರಲ್ಲಿ ಒಂದು ಫೋಟೋ ತೆಗೆಯಿರಿ. ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕಿ ಇದ್ದರೆ ಒಳಗೆ ಧೂಳು ಇದೆ, ಬಿಟ್ಟುಬಿಡಿ. ಲೆನ್ಸ್‌ಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್. ಹತ್ತು ಸಲ ಆನ್ ಆಫ್ ಮಾಡಿ. ಲೆನ್ಸ್ ಎಲ್ಲೂ ತಡವರಿಸದೆ ಹೊರಗೆ ಬಂದು ಒಳಗೆ ಹೋಗಬೇಕು.

ಶನಿವಾರ ಆಟ ಶುರುವಾಗುವ ಎರಡು ಗಂಟೆ ಮೊದಲೇ ಚೌಕಿಗೆ ಹೋಗಿ. ಫ್ಲ್ಯಾಶ್ ಆಫ್ ಮಾಡಿ. ಝೂಮ್ ಮಾಡದೆ ಹತ್ತಿರ ಹೋಗಿ, ಆಗ ಎಫ್ 1.8 ಸಿಗುತ್ತದೆ. ಶಟರ್ 1/100 ಇಡಿ. ನಮ್ಮ ಕರೆಂಟ್ 50 ಹರ್ಟ್ಜ್, ಆದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಪಟ್ಟಿ ಬರುವುದು ಇದರಲ್ಲಿ ಕಡಿಮೆ. ಬಣ್ಣ ಹಚ್ಚಿಕೊಳ್ಳುವವರನ್ನು ಕೇಳಿಕೊಂಡೇ ತೆಗೆಯಿರಿ. ತಂದೆಯವರು ಚಂಡೆಯ ಹಗ್ಗ ಬಿಗಿ ಮಾಡುವಾಗ ಪಕ್ಕದಲ್ಲಿರಿ. ಆ ಹೊತ್ತಿನಲ್ಲಿ ಅವರು ನಿಮ್ಮ ಕಡೆ ನೋಡುವುದಿಲ್ಲ, ಕಿವಿ ಪೂರ್ತಿ ಚಂಡೆಯ ಮೇಲೆ ಇರುತ್ತದೆ. ತೆಗೆದದ್ದನ್ನು ಇಲ್ಲಿ ಹಾಕಿ ಮೇಡಂ, ನಾವೆಲ್ಲ ನೋಡಬೇಕು.